ಉಮಾನಾಥ ಹೆಗ್ಡೆಯ ನಕ್ಷತ್ರ

ಹೊಟ್ಟೆಕಿಚ್ಚಿಗೆ ಬಹುಮಾನ ಕೊಡುವ ಪದ್ಧತಿ ಇದ್ದಿದ್ದರೆ ಕಿರಿಮಂಜೇಶ್ವರದ ಚಂದಯ್ಯ ಶೆಟ್ಟಿಯ ಹೋಟೆಲಿನಲ್ಲಿ ಬೆಳ್ಳಿಯ ಕಪ್ಪುಗಳನ್ನಿಡಲು ಜಾಗ ಸಾಲದೆ ಗಿರಾಕಿಗಳು ರಸ್ತೆಯಲ್ಲಿ ನಿಂತು ಚಾ ಕುಡಿಯಬೇಕಾಗುತ್ತಿತ್ತು. ಅವನ ಹೊಟ್ಟೆಯ ಉರಿಗೇ ಒಂದು ಹಂಡೆ ನೀರು ಕಾಯುತ್ತದೆ, ಸೌದೆ ಒಟ್ಟುವುದು ಬರೀ ತೋರಿಕೆಗೆ ಎಂದು ಬೈಂದೂರಿನವರೆಗೂ ಜನ ಹೇಳುತ್ತಿದ್ದರು. ಇದರಲ್ಲಿ ಸ್ವಲ್ಪ ಉಬ್ಬಿಸಿದ್ದು ಇರಬಹುದು. ಅರ್ಧ ಹಂಡೆ ಎಂದು ಇಟ್ಟುಕೊಳ್ಳಿ.

ಚಂದಯ್ಯನಿಗೆ ಏನು ಕಡಿಮೆಯಿತ್ತು? ಬಸ್ಸುಗಳೆಲ್ಲ ನಿಲ್ಲುವ ಜಾಗದಲ್ಲೇ ಹೋಟೆಲು. ಅವನು ಎಣ್ಣೆಯಲ್ಲಿ ಕರಿದ ಗೋಳಿಬಜೆಯ ಪರಿಮಳ ಗಾಳಿ ಹಿಡಿದರೆ ಗಂಗೊಳ್ಳಿಯಿಂದ ಹೊರಟ ದೋಣಿಗಳು ಮೀನು ಮರೆತು ದಡದ ಕಡೆ ಮುಖ ತಿರುಗಿಸುತ್ತಿದ್ದವು. ಮನೆಯಲ್ಲಿ ತಾಯಿ ಸೀತಮ್ಮ ಗಟ್ಟಿಮುಟ್ಟಾಗಿದ್ದರು, ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಹೆಂಡತಿ ಅಮ್ಮಣ್ಣಿಯಂತೂ ಹಿತ್ತಲಲ್ಲಿ ಕಂಡಳು ಎನ್ನುವಷ್ಟರಲ್ಲಿ ಜಗಲಿಯಲ್ಲಿರುತ್ತಿದ್ದಳು, ಜಗಲಿಯಲ್ಲಿ ಹುಡುಕಿದರೆ ಹೋಟೆಲಿನ ಅಡುಗೆಮನೆಯಲ್ಲಿ ಹಿಟ್ಟು ಕಲಸುತ್ತಿರುತ್ತಿದ್ದಳು.

ಇಷ್ಟೆಲ್ಲ ಇದ್ದವನಿಗೆ ಉರಿ ಹತ್ತಿಸಲು ಒಬ್ಬನೇ ಮನುಷ್ಯ ಸಾಕಾಗಿದ್ದ. ಅಕ್ಕಿ ಮಿಲ್ಲಿನ ಉಮಾನಾಥ ಹೆಗ್ಡೆ. ಆರಡಿ ಆಳು, ಎರಡು ಕೈಯಲ್ಲಿ ತಿರುವಬೇಕಾದ ಮೀಸೆ. ದಿನಾ ಸಂಜೆ ಮಿಲ್ಲು ನಿಲ್ಲಿಸಿ ಬಂದು ಹೋಟೆಲಿನ ಎದುರು ಬೆಂಚನ್ನು ಒಬ್ಬನೇ ತುಂಬುತ್ತಿದ್ದ. ಅವನಿಗೆ ಚಾ ಕೊಡುವಾಗ ಚಂದಯ್ಯ ಲೋಟವನ್ನು ಬೆಂಚಿನ ಮೇಲೆ ಕುಕ್ಕುತ್ತಿದ್ದ. ಕಾರಣ ಹಳೆಯದು. ಅಮ್ಮಣ್ಣಿ ಬ್ರಹ್ಮಾವರದ ಕಡೆಯ ಹೆಣ್ಣು. ಅವಳನ್ನು ಕೇಳಿಕೊಂಡು ಮೊದಲು ಹೋದವರು ಈ ಉಮಾನಾಥನ ಮನೆಯವರು. ಹುಡುಗಿಯದು ಶ್ರವಣ ನಕ್ಷತ್ರ, ಹುಡುಗನದು ಆರ್ದ್ರೆ. ಒಂದಕ್ಕೊಂದು ವೇಧೆ, ಈ ಜೋಡಿ ಕೂಡಿದರೆ ಮನೆ ನಿಲ್ಲುವುದಿಲ್ಲ ಎಂದು ಜೋಯಿಸರು ಕವಡೆ ಚೀಲ ಕಟ್ಟಿ ಎದ್ದುಬಿಟ್ಟರು. ಅದಾಗಿ ಸ್ವಲ್ಪ ದಿನಕ್ಕೆ ಸೀತಮ್ಮ ಮಗನ ಜಾತಕ ಹಿಡಿದು ಅದೇ ಮನೆಯ ಮೆಟ್ಟಿಲು ಹತ್ತಿದರು. ಚಂದಯ್ಯನದು ಪುನರ್ವಸು. ಶ್ರವಣಕ್ಕೂ ಪುನರ್ವಸುವಿಗೂ ಹಾಲು ಸಕ್ಕರೆ ಎಂದರು ಜೋಯಿಸರು. ಮದುವೆ ಆಯಿತು.

ಗೆದ್ದವನು ಮರೆಯಬೇಕಿತ್ತು. ಆದರೆ ಚಂದಯ್ಯನ ತಲೆಯಲ್ಲಿ ಒಂದು ಹುಳ ಕೂತಿತ್ತು. ಅಮ್ಮಣ್ಣಿ ತನಗೆ ಸಿಕ್ಕಿದ್ದು ನಕ್ಷತ್ರ ಕೂಡದ್ದಕ್ಕೆ. ಕೂಡಿದ್ದರೆ? ಅವಳ ಮನಸ್ಸು ಯಾವ ಕಡೆಗಿತ್ತು? ಕೇಳಲು ಬಾಯಿಲ್ಲ, ಕೇಳದೆ ನಿದ್ದೆಯಿಲ್ಲ. ಹೀಗೆ ವರ್ಷಗಳು ಹೋದವು.

ರಷ್ಯಾದವರು ಮನುಷ್ಯನನ್ನು ಆಕಾಶಕ್ಕೆ ಹಾರಿಸಿ ಒಂದೆರಡು ವರ್ಷವಾಗಿತ್ತು. ಊರಿಗೆ ಕರೆಂಟಿನ ಕಂಬ ಬಂದಿತ್ತು, ತಂತಿ ಬಂದಿರಲಿಲ್ಲ. ಆ ಮಾಘ ಮಾಸದ ಒಂದು ಸಂಜೆ ಹೈಸ್ಕೂಲಿನ ವಿಜ್ಞಾನದ ದೇವು ಮಾಷ್ಟ್ರು ಶಾಲೆಯ ಮೈದಾನದಲ್ಲಿ ಊರವರಿಗೆ ನಕ್ಷತ್ರ ತೋರಿಸುವ ಕಾರ್ಯಕ್ರಮ ಇಟ್ಟರು. ಜನ ಅಂದರೆ ಜನ. ಒಂದು ಎಳ್ಳು ಹಾಕಿದರೆ ನೆಲಕ್ಕೆ ಬೀಳುತ್ತಿರಲಿಲ್ಲ. ಪೆಟ್ರೋಮ್ಯಾಕ್ಸ್ ಆರಿಸಿ, ನೆತ್ತಿಯ ಹತ್ತಿರದ ಒಂದು ಕೆಂಪು ಚುಕ್ಕಿಯತ್ತ ಮಾಷ್ಟ್ರು ಕೋಲು ಚಾಚಿದರು.

"ಅದು ಆರ್ದ್ರಾ ನಕ್ಷತ್ರ. ಇಲ್ಲಿ ಆರ್ದ್ರೆಯಲ್ಲಿ ಹುಟ್ಟಿದವರು ಯಾರಿದ್ದೀರಿ?"

ಉಮಾನಾಥ ಎದ್ದು ನಿಂತ. ಕತ್ತಲಲ್ಲೂ ಅವನು ನಿಂತದ್ದು ಗೊತ್ತಾಯಿತು. ಹಿಂದಿನವರಿಗೆ ಆಕಾಶ ಕಾಣದಾಯಿತು.

"ನಮ್ಮ ಸೂರ್ಯನನ್ನು ಕಿತ್ತು ಆ ಜಾಗದಲ್ಲಿ ಹೆಗ್ಡೇರ ನಕ್ಷತ್ರ ಇಟ್ಟೆವು ಅನ್ನಿ. ಭೂಮಿ ಅದರ ಹೊಟ್ಟೆಯೊಳಗೆ. ಮಂಗಳ ಗ್ರಹವೂ ಹೊಟ್ಟೆಯೊಳಗೆ. ಬರಿಗಣ್ಣಿಗೆ ಕಾಣುವ ನಕ್ಷತ್ರಗಳಲ್ಲಿ ಇಷ್ಟು ದೊಡ್ಡದು ಬೆರಳಲ್ಲಿ ಎಣಿಸುವಷ್ಟು. ನೀವು ಈಗ ನೋಡುತ್ತಿರುವುದು ಬಸ್ರೂರಿಗೆ ಅರಬರ ಹಡಗು ಬರುತ್ತಿದ್ದ ಕಾಲದಲ್ಲಿ ಅಲ್ಲಿಂದ ಹೊರಟ ಬೆಳಕು."

"ಅದ್ಕೇ ಮಾರಾಯ್ರೆ, ಹೆಗ್ಡೇರಿಗೆ ಬಡ್ಸಿ ಪೂರೈಸುದಿಲ್ಲೆ" ಎಂದ ಬಸ್ ಏಜೆಂಟ್ ಕುಷ್ಟ. ಊರಿನ ಯಾವ ಮಾತೂ ಇವನ ಬಾಯಿ ತಪ್ಪಿಸಿ ಹೋಗುತ್ತಿರಲಿಲ್ಲ.

ನಗೆ ಎದ್ದಿತು. ಚಂದಯ್ಯ ತಡೆಯಲಾರದೆ ಕೇಳಿದ: "ಪುನರ್ವಸು ಎಷ್ಟ್ ದೊಡ್ಡದ್ ಮಾಷ್ಟ್ರೆ?"

"ಅದೂ ಸಣ್ಣದಲ್ಲ ಶೆಟ್ರೆ. ಸೂರ್ಯನ ಹತ್ತು ಪಾಲು ಅಗಲ."

"ಹೆಗ್ಡೇರದ್ರ್ ಎದ್ರ್ ಇಟ್ರೆ?" ಕುಷ್ಟ ಬಿಡಲಿಲ್ಲ.

ದೇವು ಮಾಷ್ಟ್ರು ಸುಳ್ಳು ಹೇಳಲು ಬಾರದ ಪ್ರಾಣಿ. "ಆರ್ದ್ರೆ ಒಂದು ತೆಂಗಿನಕಾಯಿ ಅಂತಾದರೆ, ಪುನರ್ವಸು ಒಂದು ಎಳ್ಳುಕಾಳು" ಎಂದರು.

ಅಲ್ಲಿಗೆ ಮುಗಿಯಿತು. ನಾಲ್ಕು ತಲೆಮಾರಿನ ಶೆಟ್ಟರ ಮನೆತನ ಆ ಒಂದು ಗಳಿಗೆಯಲ್ಲಿ ಎಳ್ಳುಶೆಟ್ಟರ ಮನೆತನವಾಯಿತು.

ಹೆಂಗಸರ ಚಾಪೆಯಿಂದ ಅಮ್ಮಣ್ಣಿಯ ದನಿ ಬಂತು. "ಶ್ರವಣ ಎಲ್ಲಿತ್ತ್ ಮಾಷ್ಟ್ರೆ?"

"ಈಗ ಸಂಜೆಗೆ ಕಾಣುವುದಿಲ್ಲ ಅಮ್ಮ, ಮಳೆ ಕಳೆದ ಮೇಲೆ. ಅದು ಬೆಳ್ಳಗಿನದು, ಸುಡುವ ಬಿಸಿ. ಒಂದು ಕಡೆ ಸುಮ್ಮನಿರುವ ಜಾತಿಯಲ್ಲ. ನಮ್ಮ ಸೂರ್ಯ ತನ್ನ ಸುತ್ತ ಒಂದು ಸಲ ತಿರುಗಲು ತಿಂಗಳು ತೆಗೆದುಕೊಂಡರೆ, ಅದು ಬೆಳಗಿನ ಗಂಜಿಗೆ ಹೊರಟು ಸಂಜೆ ಚಾಕ್ಕೆ ಸುತ್ತು ಮುಗಿಸಿರುತ್ತದೆ."

"ನಮ್ಮ್ ಅಮ್ಮಣ್ಣಿಯಕ್ಕನೇ ಸೈ" ಎಂದರು ಹೆಂಗಸರು.

ಪೆಟ್ರೋಮ್ಯಾಕ್ಸ್ ಮತ್ತೆ ಹೊತ್ತಿತು. ಎಲ್ಲರೂ ಚಾಪೆ ಮಡಿಸುತ್ತಿದ್ದಾಗ ಚಂದಯ್ಯ ಹೆಂಡತಿಯ ಮುಖ ನೋಡಿದ. ಅವಳಿನ್ನೂ ಮೇಲೆಯೇ ನೋಡುತ್ತಿದ್ದಳು. ಆ ಕೆಂಪು ಚುಕ್ಕಿಯನ್ನೇ. ತುಟಿಯ ಮೂಲೆಯಲ್ಲಿ ಒಂದು ನಗು. ಹಬ್ಬಕ್ಕೆ ಪಾಯಸ ಮಾಡಿ, ಯಾರಿಗೂ ಹೇಳದೆ ಒಂದು ಚಮಚ ಮೊದಲೇ ತಿಂದವಳ ನಗು. ಧಾರೆ ಎರೆಯುವಾಗಲೂ ಆ ಮುಖದಲ್ಲಿ ಅಂಥ ನಗು ಇರಲಿಲ್ಲ. ಚಂದಯ್ಯನ ಹೊಟ್ಟೆಯಲ್ಲಿ ಭತ್ತ ಹಾಕಿದ್ದರೆ ಅರಳಾಗಿ ಸಿಡಿಯುತ್ತಿತ್ತು.

ಮಾರನೆಯ ದಿನದಿಂದ ಅವಳಿಗೆ ಹೊಸ ಅಭ್ಯಾಸ. ಮುಸ್ಸಂಜೆಗೆ ತುಳಸಿಗೆ ದೀಪ ಇಟ್ಟವಳು ಕತ್ತೆತ್ತಿ ಆರ್ದ್ರೆಯನ್ನು ಹುಡುಕುವುದು. ಕಂಡರೆ ಒಳಗೆ ಹೋಗುವಾಗ ಹಾಡು. ಮೋಡ ಇದ್ದರೆ ಹಾಡಿಲ್ಲ. ಚಂದಯ್ಯ ಹಾಡಿನ ಮೇಲೆ ಕಿವಿಯಿಟ್ಟು ಮೋಡಕ್ಕೆ ಹರಕೆ ಹೊತ್ತ. ಆಕಾಶದ ಚುಕ್ಕಿಯ ಮೇಲೆ ಹೊಟ್ಟೆಕಿಚ್ಚುಪಟ್ಟ ಗಂಡಸು ಘಟ್ಟದ ಕೆಳಗೆ ಅವನೊಬ್ಬನೇ. ಘಟ್ಟದ ಮೇಲೂ ಇದ್ದಿರಲಾರ.

ಕೊನೆಗೆ ಅವನೊಂದು ಉಪಾಯ ಮಾಡಿದ. ಅಷ್ಟು ದೊಡ್ಡ ನಕ್ಷತ್ರ ಅಂದ ಮೇಲೆ ಅದಕ್ಕೆ ದೋಷವೂ ಅಷ್ಟೇ ದೊಡ್ಡದಿರಬೇಕು. ದೇವು ಮಾಷ್ಟ್ರನ್ನು ಶಾಲೆ ಬಿಟ್ಟ ಹೊತ್ತಿಗೆ ಒಳಕೋಣೆಗೆ ಕರೆದು ಬಿಸಿ ಬಿಸಿ ಗೋಳಿಬಜೆ ಎದುರಿಟ್ಟ.

"ತಿನ್ನಿ ಮಾಷ್ಟ್ರೆ. ಆ ಆರಿದ್ರೆ ಕೆಂಪ್ ಇಪ್ಪುದ್ ಎಂತಕ್ಕೆ?"

"ಬಿಸಿ ಕಡಿಮೆ ಶೆಟ್ರೆ. ಸೂರ್ಯನ ಅರ್ಧದಷ್ಟೇ ಕಾವು. ಕಬ್ಬಿಣ ನೋಡಿ, ತುಂಬಾ ಕಾದರೆ ಬೆಳ್ಳಗೆ, ಕಡಿಮೆ ಕಾದರೆ ಕೆಂಪಗೆ."

ಆ ಸಂಜೆಯೇ ಚಂದಯ್ಯ ಬೆಂಚಿನ ಎದುರು ನಿಂತು ಸಾರಿದ. "ಹ್ವಾಯ್ ಹೆಗ್ಡೇರೆ, ನಿಮ್ ನಕ್ಷತ್ರದಲ್ ಬಿಸಿಯೇ ಇಲ್ಲೆ ಅಂಬ್ರ್. ಬರೀ ಬಣ್ಣ."

ಉಮಾನಾಥ ಚಾ ಊದಿ ಊದಿ ಕುಡಿದ. "ದೊಡ್ಡ ಆಳ್ ಅಂದ್ಮೇಲೆ ತಲೆ ತಣ್ಣಗೆ ಇರ್ಕ್ ಶೆಟ್ರೆ. ಸಣ್ಣ್ ಬಾಣ್ಲಿ ಎಣ್ಣಿಯೇ ಬೇಗ ಕಾಯುದ್."

ಬೆಂಚು ಬಿದ್ದು ಬಿದ್ದು ನಕ್ಕಿತು.

ಮರುವಾರ ಇನ್ನೊಂದು ತಟ್ಟೆ. ಆರ್ದ್ರೆ ಗಾತ್ರದಲ್ಲಿ ಭಾರಿ, ಆದರೆ ಮೈ ತೀರಾ ತೆಳು, ಹೊರಗಿನ ಭಾಗವಂತೂ ನಾವು ಉಸಿರಾಡುವ ಗಾಳಿಗಿಂತ ಎಷ್ಟೋ ತೆಳು ಎಂದರು ಮಾಷ್ಟ್ರು. ಚಂದಯ್ಯನಿಗೆ ನಿಧಿ ಸಿಕ್ಕಿದ ಹಾಗಾಯಿತು.

"ಪೊಳ್ಳ್ ಅಂಬ್ರ್ ಹೆಗ್ಡೇರೆ. ಹಪ್ಳ ಉಬ್ಬಿದಂಗೆ ಉಬ್ಬಿದ್ದ್."

"ಊಟದ್ ಎಲೆಯಲ್ ಎಲ್ಲಕ್ಕಿಂತ ಮೊದ್ಲು ಖಾಲಿ ಆಪುದ್ ಹಪ್ಳವೇ ಅಲ್ದಾ?" ಎಂದ ಉಮಾನಾಥ, ಮೀಸೆ ನೀವುತ್ತ. "ಎಳ್ಳ್ ಯಾರ್ ಹುಡ್ಕತ್ರ್?"

ಮೂರನೆಯ ತಟ್ಟೆಗೆ ಬಂದ ದೋಷ, ಅದರ ಬೆಳಕು ಒಂದೇ ಸಮ ಇರುವುದಿಲ್ಲ, ಮೈ ಹಿಗ್ಗುತ್ತದೆ ಕುಗ್ಗುತ್ತದೆ ಎಂಬುದು. "ಉಸ್ರ್ ಎಳೀತಿತ್ತ್ ಅದ್. ಜೀವ ಇತ್ತ್" ಎಂದುಬಿಟ್ಟ ಉಮಾನಾಥ. ಕೊನೆಗೆ ಚಂದಯ್ಯ ಎರಡು ತಟ್ಟೆ ಒಟ್ಟಿಗೆ ಸುರಿದು ದೊಡ್ಡ ಬಾಂಬೇ ತಂದ. ಆರ್ದ್ರೆಗೆ ಮುಪ್ಪು ಬಂದಿದೆ, ಒಂದಲ್ಲ ಒಂದು ದಿನ ಅದು ಸಿಡಿದು ಸಾಯುತ್ತದೆ.

"ಸತ್ತರೆ ಹೇಗಿರುತ್ತದೆ ಗೊತ್ತಾ" ಎಂದು ಮಾಷ್ಟ್ರು ಆ ಹೊತ್ತಿಗೆ ಬೆಂಚಿನ ಹತ್ತಿರವೇ ಬಂದು ಉತ್ಸಾಹದಲ್ಲಿ ಹೇಳಿಬಿಟ್ಟರು. "ಚಂದ್ರನಷ್ಟು ಬೆಳಕು. ಹಗಲಲ್ಲೂ ಕಾಣುತ್ತದೆ, ವಾರಗಟ್ಟಲೆ. ಆಮೇಲೆ ಅದರ ಧೂಳಿನಿಂದ ಹೊಸ ನಕ್ಷತ್ರಗಳು ಹುಟ್ಟುತ್ತವೆ."

ಬೆಂಚಿನವರೆಲ್ಲ ಎದ್ದು ನಿಂತರು. ಉಮಾನಾಥನ ಕಣ್ಣಲ್ಲಿ ನೀರು. "ಸತ್ರೂ ಹಂಗೆ ಸಾಯ್ಕ್ ಮಾಷ್ಟ್ರೆ" ಎಂದ.

ಮನೆಯಲ್ಲೂ ಚಂದಯ್ಯನಿಗೆ ಸುಖವಿರಲಿಲ್ಲ. ಊಟಕ್ಕೆ ಕೂತು ಆರ್ದ್ರೆಯನ್ನು ಬಯ್ದ ದಿನ ಸಾರಿಗೆ ಮೆಣಸು ಜಾಸ್ತಿಯಾಗುತ್ತಿತ್ತು. 'ಪೊಳ್ಳು' ಎಂದ ದಿನ ಅಮ್ಮಣ್ಣಿ ಬಡಿಸಿದ ಮೀನುಸಾರಿನ ಖಾರಕ್ಕೆ ಅವನ ಕಿವಿಯಿಂದ ಹೊಗೆ ಬಂದದ್ದನ್ನು ಬೈಂದೂರಿನ ಬಸ್ಸಿನವರು ಕಂಡಿದ್ದಾರೆ. ಅವಳಿಗೆ ಹೆಗ್ಡೆಯ ನಕ್ಷತ್ರದ ಮೇಲೆ ಎಷ್ಟು ಪ್ರೀತಿ ನೋಡು ಎಂದು ಇವನಿಗೆ ಇನ್ನೂ ಉರಿ. ಸೀತಮ್ಮನಂತೂ ಆರ್ದ್ರೆಯ ಹೆಸರೆತ್ತಿದರೆ ಸಾಕು, ಗಂಜಿ ನೆತ್ತಿಗೇರಿ ಕೆಮ್ಮುತ್ತಿದ್ದರು.

"ನಕ್ಷತ್ರಕ್ಕೆ ಬಯ್ಯುಕಾಗ ಮಗಾ. ಒಳ್ಳೇದಲ್ಲ."

"ನಂದಲ್ಲ ಅಬ್ಬಿ, ಆ ಹೆಗ್ಡೇದ್."

ಸೀತಮ್ಮ ಸೊಸೆಯ ಮುಖ ನೋಡುತ್ತಿದ್ದರು. ಸೊಸೆ ಸೌಟಿನ ಮುಖ ನೋಡುತ್ತಿದ್ದಳು.

ಮಳೆಗಾಲ ಬಂತು. ನಕ್ಷತ್ರಗಳೆಲ್ಲ ಮುಚ್ಚಿಹೋದವು, ಬದುಕಿದೆ ಎಂದುಕೊಂಡ ಚಂದಯ್ಯ. ಆದರೆ ಮಳೆಗೂ ಹೆಸರಿದೆಯಲ್ಲ. 'ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ' ಎಂದು ಅಜ್ಜಂದಿರ ಕಾಲದಿಂದ ಹೇಳುವ ಆರಿದ್ರಾ ಮಳೆ ಆ ವರ್ಷ ಎಂಥದು ಹೊಯ್ಯಿತು! ಸಮುದ್ರವೇ ಎದ್ದು ಗದ್ದೆಗೆ ನಡೆದು ಬಂದ ಹಾಗೆ. ಕಪ್ಪೆಗಳು ಸಾಕಪ್ಪಾ ಎಂದು ಜಗಲಿ ಹತ್ತಿದವು. ನಾಟಿ ಮುಗಿಸಿದವರು ಬೆಂಚಿನ ಹತ್ತಿರ ಬಂದು "ಹೆಗ್ಡೇರೆ, ನಿಮ್ ಮಳೆ ಲಾಯ್ಕ್ ಆಯ್ತ್" ಎಂದರು. ಉಮಾನಾಥ ತಾನೇ ಹೊಯ್ದವನ ಹಾಗೆ "ಆಯ್ಲಿ ಆಯ್ಲಿ" ಎಂದ. ಹಿಂದೆಯೇ ಬಂದ ಪುನರ್ವಸು ಮಳೆ ನಾಲ್ಕು ಹನಿ ಹಾಕಿ, ಉಳಿದ ದಿನ ಬಿಸಿಲು ಕಾಯಿಸಿತು. "ಎಳ್ಳ್ ಒಣಗ್ಸುಕೆ ಒಳ್ಳೇದಾಯ್ತ್" ಎಂದ ಕುಷ್ಟ.

ಡಿಸೆಂಬರಿನಲ್ಲಿ ಶಾಲೆಯ ವಾರ್ಷಿಕೋತ್ಸವ. ಮಕ್ಕಳಿಗೆಲ್ಲ ಅವಲಕ್ಕಿ, ಚಾ ತನ್ನ ಕಡೆಯಿಂದ ಎಂದ ಚಂದಯ್ಯ. ಬದಲಿಗೆ ಎರಡು ಮಾತಾಡಲು ಅವಕಾಶ ಕೇಳಿದ. ಸೂರ್ಯ ಸಮುದ್ರಕ್ಕೆ ಇಳಿಯುವ ಹೊತ್ತಿಗೆ ವೇದಿಕೆ ಹತ್ತಿದವನು ವರ್ಷವಿಡೀ ಗೋಳಿಬಜೆ ಕೊಟ್ಟು ಕೊಂಡ ವಿದ್ಯೆಯನ್ನೆಲ್ಲ ಒಂದೇ ಉಸಿರಿಗೆ ಹೊರಹಾಕಿದ.

"ಮಹನೀಯರೇ, ಆರ್ದ್ರಾ ನಕ್ಷತ್ರದ ಗುಣ ಕೇಳಿ. ಮೇಲೆ ಕೆಂಪು, ಒಳಗೆ ಗಾಳಿ. ಗಾತ್ರಕ್ಕೆ ತಕ್ಕ ಬಿಸಿ ಇಲ್ಲ. ಹಿಗ್ಗುವುದು, ಕುಗ್ಗುವುದು ಬಿಟ್ಟರೆ ಬೇರೆ ಕೆಲಸ ಇಲ್ಲ. ಯಾವಾಗ ಒಡೆಯುತ್ತದೋ ಹೇಳಲಿಕ್ಕೆ ಬರುವುದಿಲ್ಲ. ಇಂಥ ನಕ್ಷತ್ರದಲ್ಲಿ ಹುಟ್ಟಿದವನಿಗೆ ಹೆಣ್ಣು ಕೊಡಬೇಡಿ ಎಂದು ಹೇಳಿದ ಬ್ರಹ್ಮಾವರದ ಜೋಯಿಸರಿಗೆ ನನ್ನ ಸಾಷ್ಟಾಂಗ ನಮಸ್ಕಾರ."

ಮೊದಲ ನಾಲ್ಕು ಮಾತಿಗೆ ಜನ ನಕ್ಕರು. ಕೊನೆಯ ಮಾತಿಗೆ ಯಾರೂ ನಗಲಿಲ್ಲ. ಎದುರು ಸಾಲಿನಲ್ಲಿ ಕೂತಿದ್ದ ಉಮಾನಾಥ ಎದ್ದ. ಏನಾದರೂ ತಿರುಗಿಸಿ ಹೇಳುತ್ತಾನೆ ಎಂದು ಎಲ್ಲರೂ ಕಾದರು. ಅವನು ಹೆಗಲ ಶಾಲು ಸರಿಮಾಡಿಕೊಂಡು, ಪಕ್ಕದಲ್ಲಿದ್ದ ಹೆಂಡತಿ ಕುಸುಮಾವತಿಯನ್ನು ಕರೆದುಕೊಂಡು, ತಲೆ ತಗ್ಗಿಸಿ ಹೊರಟುಹೋದ. ಆ ಆರಡಿ ಆಳು ಗೇಟು ದಾಟುವಾಗ ಚಂದಯ್ಯನಷ್ಟೇ ಎತ್ತರ ಕಂಡ.

ಗೆದ್ದೆ ಎಂದು ಚಂದಯ್ಯ ಹೆಂಗಸರ ಚಾಪೆಯ ಕಡೆ ತಿರುಗಿದ. ಸೀತಮ್ಮ ಸೆರಗಿನಲ್ಲಿ ಮುಖ ಮುಚ್ಚಿ ಕೂತಿದ್ದರು. ಅಮ್ಮಣ್ಣಿ ಎದ್ದು ಸಮುದ್ರದ ಕಡೆ ನಡೆಯುತ್ತಿದ್ದಳು.

ಓಡಿ ಓಡಿ ಅವಳನ್ನು ಅವನು ಹಿಡಿದದ್ದು ಗಾಳಿಮರಗಳ ಆಚೆ, ಮರಳಿನ ಮೇಲೆ. ಬೆಳಕು ಹೋಗಿತ್ತು. ವರ್ಷಗಳ ಮಾತು ಬಾಯಿಗೆ ಬಂದೇಬಿಟ್ಟಿತು.

"ಅವ್ನಿಗ್ ಹೇಳಿದ್ದಕ್ಕೆ ನಿಂಗ್ ಇಷ್ಟ್ ಬೇಜಾರಾ? ನಂಗ್ ಗೊತ್ತಿತ್ತ್. ದೀಪ ಇಟ್ಟ್ ಅದನ್ನೇ ಕಾಂಬುದ್, ಹಾಡ್ ಹೇಳುದ್. ನಕ್ಷತ್ರ ಕೂಡಿದ್ರೆ ನೀನ್ ಆ ಮನಿಗೇ ಹೋಪವ್ಳ್."

ಅಮ್ಮಣ್ಣಿ ತಿರುಗಿ ನಿಂತಳು. "ಹ್ವಾಯ್, ನಿಮ್ಗೆ ಕಣ್ಣ್ ಇತ್ತಾ? ಆರಿದ್ರೆ ಯಾರದ್ದ್ ಅಂದ್ಕಂಡಿದ್ರಿ ನೀವ್?"

"ಹೆಗ್ಡೇದ್."

"ನಿಮ್ದ್."

ಅಲೆ ಬಂದು ಹೋಯಿತು. ಚಂದಯ್ಯನ ಚಪ್ಪಲಿಯೊಂದನ್ನು ಎತ್ತಿಕೊಂಡು ಹೋದದ್ದೂ ಅವನಿಗೆ ತಿಳಿಯಲಿಲ್ಲ.

"ಕೋಳಿ ಕೂಗುಕ್ ಮುಂಚೆ ಹುಟ್ಟಿದ್ದ್ ನೀವ್, ಆಗಿನ್ನೂ ಆರಿದ್ರೆ; ಪುನರ್ವಸು ಬಂದದ್ದ್ ಕೂಗಿದ್ ಮೇಲೆ. ಹೆಗ್ಡೇರ ಜಾತ್ಕ ತಿರ್ಗಿ ಕಳ್ಸಿದ್ ಸುದ್ದಿ ಅತ್ತೆಗೆ ಗೊತ್ತಾಯ್ತ್. ಹಳೇ ಜಾತ್ಕ ಗೆದ್ಲ್ ತಿಂದಿತ್ ಅಂದ್ರ್, ಕೋಳಿ ಕೂಗಿದ್ ಮೇಲೆ ಹುಟ್ಟಿದ್ದ್ ಅಂದ್ರ್, ಹೊಸತ್ ಬರ್ಸಿರ್. ಹೆಗ್ಡೇರ್ ನಿಜ ಹೇಳಿರ್, ಹೆಣ್ಣ್ ಸಿಕ್ಲಿಲ್ಲೆ. ನಿಮ್ ಅಬ್ಬಿ ಸುಳ್ಳ್ ಹೇಳಿರ್, ಸಿಕ್ತ್."

"ನಿಂಗ್ ಯಾರ್ ಹೇಳಿರ್?"

"ಅತ್ತೆಯೇ. ಮೊದ್ಲ ಬಸ್ರಿಯಲ್ಲ್ ನಂಗ್ ಜ್ವರ ಬಂದ್ ಮಲ್ಗಿದ್ನಲ್ದಾ, ತನ್ನ ಸುಳ್ಳಿಂದಲೇ ಹಿಂಗಾಯ್ತ್ ಅಂದ್ ಕಾಲ್ ಹತ್ರ ಕೂಕಂಡ್ ಅತ್ರ್. ನಿಮ್ಗೆ ಹೇಳುಕಾಗ ಅಂದ್ ಆಣೆ ಹಾಕ್ಸಿರ್. ಮಾಷ್ಟ್ರು ಅದನ್ನ್ ತೋರ್ಸಿದ್ ದಿನ ನಂಗೆಷ್ಟ್ ಖುಷಿ ಆಯ್ತ್ ಗೊತ್ತಿತ್ತಾ? ಭೂಮಿ ನುಂಗು ನಕ್ಷತ್ರ, ನನ್ ಗಂಡಂದ್. ಯಾರ್ ಹತ್ರ ಹೇಳುಕೂ ಎಡಿಯ. ನೀವ್ ನೋಡಿದ್ರೆ ದಿನಾ ಅದಕ್ಕೇ ಬಯ್ಯುದ್. ಇವತ್ತಂತೂ ಊರ್ ಎದ್ರ್ ನಿಂತ್, ಪೊಳ್ಳ್, ಹೆಣ್ಣ್ ಕೊಡ್ಬೇಡಿ ಅಂದ್ರಿ."

ಚಂದಯ್ಯನಿಗೆ ಕೂರಬೇಕೆನಿಸಿತು. ಕೂತ. ಒದ್ದೆ ಮರಳು ಎಂದು ಗೊತ್ತಾದದ್ದು ಕೂತ ಮೇಲೆ. ಇಡೀ ಒಂದು ವರ್ಷ ಅವನು ತನ್ನ ಮೇಲೆ ತಾನೇ ಹೊಟ್ಟೆಕಿಚ್ಚುಪಟ್ಟಿದ್ದ. ಇದು ಹಿಂದೆ ಯಾರೂ ಮಾಡದ ಸಾಧನೆ.

"ಹಂಗಾರೆ ನಂಗೂ ನಿಂಗೂ ವೇಧೆ" ಎಂದ ಸಣ್ಣ ದನಿಯಲ್ಲಿ.

"ಹೌದ್."

"ಗೊತ್ತಾದ್ ಮೇಲೂ ನೀನ್..."

"ಎದ್ದ್ ಹೋಯ್ಲಿಲ್ಲೆ ಅಲ್ದಾ?" ಎಂದಳು ಅಮ್ಮಣ್ಣಿ. ಆ ಹುಳ, ವರ್ಷಗಟ್ಟಲೆ ತಲೆಯಲ್ಲಿ ಕೂತದ್ದು, ಆಗ ಎದ್ದು ಹೋಯಿತು. "ಅಲ್ಲ್ ಕಾಣಿ." ಪಡುವಣದಲ್ಲಿ ನೀರಿನ ಮೇಲೆ ಒಂದು ಬಿಳಿ ಚುಕ್ಕಿ ಮಿನುಗುತ್ತಿತ್ತು. "ಅದ್ ಶ್ರವಣ. ಮಾಷ್ಟ್ರ್ ಹತ್ರ ಕೇಂಡ್ ಗುರ್ತ್ ಮಾಡ್ಕಂಡಿದ್ದೆ. ಈಗ ಹಿಂದೆ ತಿರ್ಗಿ."

ಹಿಂದೆ, ಮೂಡಣದ ಘಟ್ಟದ ಮೇಲೆ, ಕೆಂಪಗೆ, ಆಗಷ್ಟೇ ಮೇಲೆ ಬಂದ ಆರ್ದ್ರೆ.

"ಜೋಯಿಸ್ರ್ ಆಪ್ದಲ್ಲ ಅಂದ್ರ್. ಎರಡೂ ಒಟ್ಟಿಗೇ ಇತ್ತಲ್ದಾ ಆಕಾಶದಲ್ಲ್?"

"ಎಷ್ಟೊತ್ತ್ ಇರತ್ತ್?"

"ನಂದ್ ನೀರಿಗೆ ಇಳಿಯುವರಿಗೆ. ಅಷ್ಟೊತ್ತ್ ಸುಮ್ನೆ ಕೂಕಣಿ. ನಾಳೆ ಹೋಯ್ ಹೆಗ್ಡೇರನ್ನ ಕರ್ಕಂಡ್ ಬನ್ನಿ. ಅತ್ತೆ ಸುಳ್ಳ್ ಹೊರ್ಗೆ ಬಪ್ಪುಕಾಗ, ನೆನ್ಪಿರ್ಲಿ."

ಮರುದಿನ ಚಂದಯ್ಯ ಒಂದು ಬುಟ್ಟಿ ಗೋಳಿಬಜೆ ಹೊತ್ತು ಮಿಲ್ಲಿಗೆ ಹೋದ. ಕೆಲಸದವರ ಎದುರೇ ಕೈಮುಗಿದು, "ನಾನ್ ಹೇಳಿದ್ ತಪ್ಪ್ ಹೆಗ್ಡೇರೆ. ಆರಿದ್ರೆಯಂಥ ನಕ್ಷತ್ರ ಇನ್ನೊಂದಿಲ್ಲೆ" ಎಂದ. ಹೇಳುವಾಗ ಕಣ್ಣು ತುಂಬಿತು. ಇಷ್ಟು ಮನಸ್ಸು ಬಿಚ್ಚಿ ಕ್ಷಮೆ ಕೇಳುವವನನ್ನು ಉಮಾನಾಥ ಕಂಡಿರಲಿಲ್ಲ. ಬುಟ್ಟಿ ಖಾಲಿ ಮಾಡಿ ಜೊತೆಗೇ ಬಂದು ಬೆಂಚಿನ ಮೇಲೆ ಕೂತ.

ಹೋಟೆಲಿನ ನಿಜವಾದ ಬೆಂಕಿ ಶುರುವಾದದ್ದು ಅಲ್ಲಿಂದ. ದಿನಾ ಸಂಜೆ ಉಮಾನಾಥ ಕಾಲು ಚಾಚಿ, "ನನ್ ನಕ್ಷತ್ರದ್ ಹೊಟ್ಟೆಯೊಳ್ಗೆ ಭೂಮಿ, ನನ್ ನಕ್ಷತ್ರದ್ ಹೊಟ್ಟೆಯೊಳ್ಗೆ ಮಂಗಳ" ಎನ್ನುತ್ತಾನೆ. ಚಂದಯ್ಯ ಚಾ ಲೋಟ ಹಿಡಿದು ನಿಂತಿರುತ್ತಾನೆ. ತನ್ನ ಆಸ್ತಿಯನ್ನು ಇನ್ನೊಬ್ಬ ಕಣ್ಣೆದುರೇ ಉಣ್ಣುತ್ತಿದ್ದಾನೆ; ಬಾಯಿ ಬಿಟ್ಟರೆ ತಾಯಿಯ ಮಾನ ಹೋಗುತ್ತದೆ.

"ಹ್ವಾಯ್ ಶೆಟ್ರೆ, ನಿಮ್ ಎಳ್ಳ್ ಹೆಂಗಿತ್ತ್?" ಎಂದು ಕೇಳಿದ ಉಮಾನಾಥ ಒಂದು ದಿನ.

ಚಂದಯ್ಯ ಹಲ್ಲು ಕಚ್ಚಿ, ಲೋಟ ಬೆಂಚಿನ ಮೇಲಿಟ್ಟು, "ಇತ್ತ್ ಹೆಗ್ಡೇರೆ, ಸಣ್ಣ್ ಮಟ್ಟಿಗೆ ಲಾಯ್ಕಿತ್ತ್" ಎಂದ. ಒಳಗೆ ಹಿಟ್ಟು ಕಲಸುತ್ತಿದ್ದ ಅಮ್ಮಣ್ಣಿ ಸೆರಗು ಬಾಯಿಗೆ ತುರುಕಿ ನಕ್ಕಳು. ಚಂದಯ್ಯ ಹಂಡೆಯ ಪಕ್ಕ ಹೋಗಿ ನಿಂತ. ನೀರು ಕುದಿಯಲು ಶುರುವಾಯಿತು. ಈ ಸಲ ಹಂಡೆ ತುಂಬಾ ಇತ್ತು, ಒಂದು ಹನಿಯೂ ಉಬ್ಬಿಸಿ ಹೇಳಿದ್ದಲ್ಲ.